ಗಣಕ ನಕ್ಷಾರಚನೆಯಲ್ಲಿ ಉಪಕರಣ ಫಲಕಗಳು: ಒಂದು ಐತಿಹಾಸಿಕ ಪರಿಶೀಲನೆ

೧

ಯಂತ್ರಗಳ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಅವುಗಳನ್ನು ನಿರ್ಮಿಸಿದವರ ಕಡೆಗೇ ದೃಷ್ಟಿಯನ್ನಿಡುತ್ತಾರೆ. ಯಾರು ಕಂಡುಹಿಡಿದರು, ಯಾವ ವರ್ಷ ಮಾರುಕಟ್ಟೆಗೆ ಬಂದಿತು, ಅದರ ಶಕ್ತಿಯೆಷ್ಟು, ಬೆಲೆಯೆಷ್ಟು ಎಂಬಿವು ದೊರೆತರೆ ಇತಿಹಾಸವು ಪೂರ್ಣವಾಯಿತೆಂದು ಭಾವಿಸುವುದುಂಟು. ಆದರೆ ಯಂತ್ರವನ್ನು ದಿನವೂ ಬಳಸುವವನು ಅದನ್ನು ತನ್ನ ಕಸುಬಿಗೆ ಹೊಂದುವಂತೆ ಹೇಗೆ ತಿದ್ದಿಕೊಂಡನೆಂಬ ವಿಚಾರವೂ ಇತಿಹಾಸದ ಭಾಗವೇ ಸರಿ. ಬಡಗಿಯು ಅಂಗಡಿಯಿಂದ ತಂದ ಉಳಿಗೆ ತನ್ನ ಕೈಗೊಪ್ಪುವ ಹಿಡಿಯನ್ನು ತಾನೇ ಹಾಕಿಕೊಳ್ಳುತ್ತಾನೆ. ಆ ಹಿಡಿಯಲ್ಲಿ ಅವನ ಕಸುಬಿನ ತಿಳಿವಳಿಕೆಯೂ ಸೇರಿರುತ್ತದೆ. ಗಣಕಯಂತ್ರದ ಮೇಲೆ ನಕ್ಷೆ ಬರೆಯುವವರು ಹಾಕಿಕೊಂಡ ಇಂತಹ ಹಿಡಿಯೊಂದರ ಇತಿಹಾಸವನ್ನು ಪ್ರಸ್ತುತ ಲೇಖನದಲ್ಲಿ ಸಂಗ್ರಹವಾಗಿ ಪರಿಶೀಲಿಸಬಯಸುತ್ತೇವೆ.

ಮೊದಲು ವಿಷಯದ ಸ್ವರೂಪವನ್ನು ಸ್ಪಷ್ಟಪಡಿಸಿಕೊಳ್ಳುವುದು ಒಳಿತು. ಗಣಕದ ನೆರವಿನಿಂದ ನಕ್ಷೆಗಳನ್ನು ರಚಿಸುವ ತಂತ್ರಾಂಶಗಳಿಗೆ ವ್ಯವಹಾರದಲ್ಲಿ 'ಕ್ಯಾಡ್' ಎಂದು ಹೆಸರು. ಇವುಗಳಲ್ಲಿ ಪರದೆಯ ನಡುವೆ ನಕ್ಷೆಯೂ ಅದರ ಸುತ್ತಲಿನ ಅಂಚಿನಲ್ಲಿ ಉಪಕರಣ ಫಲಕಗಳೂ ಇರುತ್ತವೆ. ಬಳಸುವವನು ಫಲಕವನ್ನು ಹಿಡಿದೆಳೆದು ನಕ್ಷೆಯ ಮೇಲೆ ತೇಲಿಬಿಡಬಹುದು. ಎಡದ ಇಲ್ಲವೆ ಬಲದ ಅಂಚಿಗೆ ಒಯ್ದರೆ, ಹಡಗು ಧಕ್ಕೆಗೆ ಹತ್ತಿ ನಿಲ್ಲುವಂತೆ, ಅದು ಅಲ್ಲಿಯೇ ಕೂಡಿಕೊಳ್ಳುತ್ತದೆ. ಬೇಡವಾದಾಗ ಕಿರಿದಾದ ಪಟ್ಟಿಯಾಗಿ ಮಡಿಚಿಕೊಳ್ಳುವ ಫಲಕಗಳೂ ಉಂಟು. ತಂತ್ರಾಂಶವನ್ನು ಮಾರುವ ಸಂಸ್ಥೆಯೇ ಇಂತಹ ಹಲವು ಫಲಕಗಳನ್ನು ಕೊಟ್ಟಿರುತ್ತದೆ. ಇವಲ್ಲದೆ ಬಳಸುವವರು ತಾವೇ ಪ್ರೋಗ್ರಾಂ ಬರೆದು ತಮ್ಮ ಕಚೇರಿಗೆ ಬೇಕಾದ ಫಲಕಗಳನ್ನು ನಿರ್ಮಿಸಿಕೊಳ್ಳುವುದೂ ಸಾಧ್ಯ. ನಮ್ಮ ವಿಚಾರಣೆಯು ಈ ಎರಡನೆಯ ಬಗೆಗೆ ಸಂಬಂಧಿಸಿದುದು.

ನಾವು ಕೇಳಬೇಕಾದ ಪ್ರಶ್ನೆಗಳು ಎರಡು. ತಯಾರಕನು ತನ್ನ ಯಂತ್ರದ ಅಂಚಿನಲ್ಲಿ ಬಳಕೆದಾರನಿಗಾಗಿ ಎಷ್ಟು ಜಾಗವನ್ನು ಬಿಟ್ಟುಕೊಟ್ಟನು? ಆ ಜಾಗದಲ್ಲಿ ಬರೆಯಲು ಯಾವ ಭಾಷೆಯನ್ನು ಒದಗಿಸಿದನು? ಈ ಪ್ರಶ್ನೆಗಳಿಗೆ ಉತ್ತರವನ್ನು ಮುಖ್ಯವಾಗಿ ಆಟೋಕ್ಯಾಡ್ ಎಂಬ ಒಂದೇ ತಂತ್ರಾಂಶದಲ್ಲಿ ಹುಡುಕಿದ್ದೇವೆ. ಇದು ೧೯೮೨ರಿಂದ ಇಂದಿನವರೆಗೂ ಎಡೆಬಿಡದೆ ಬಳಕೆಯಲ್ಲಿರುವುದರಿಂದ, ಒಂದೇ ಊರಿನ ಶಾಸನಗಳನ್ನು ಕ್ರಮವಾಗಿ ಓದಿದಂತೆ, ಬದಲಾವಣೆಯ ಪದರಗಳನ್ನು ಒಂದರ ಮೇಲೊಂದಾಗಿ ಕಾಣಬಹುದಾಗಿದೆ.

೨

ಪರದೆಯ ಮೇಲೆ ಕೈಯಿಂದ ನಕ್ಷೆ ಬರೆಯುವ ವಿದ್ಯೆಯ ಆರಂಭವನ್ನು ಹೇಳುವಾಗ ಐವನ್ ಸದರ್‌ಲೆಂಡ್ ಅವರ 'ಸ್ಕೆಚ್‌ಪ್ಯಾಡ್' ಎಂಬ ಪ್ರೋಗ್ರಾಮನ್ನು ಬಿಡುವಂತಿಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್ ತಾಂತ್ರಿಕ ವಿದ್ಯಾಸಂಸ್ಥೆಗೆ ಅವರು ೧೯೬೩ರಲ್ಲಿ ಸಲ್ಲಿಸಿದ ಡಾಕ್ಟರೇಟ್ ಪ್ರಬಂಧದ ವಸ್ತು ಇದು. ಲಿಂಕನ್ ಪ್ರಯೋಗಾಲಯದ ಟಿಎಕ್ಸ್-೨ ಎಂಬ ಗಣಕದ ಮೇಲೆ ಇದು ನಡೆಯುತ್ತಿತ್ತು. ಅದರ ಪರದೆಯು ಸುಮಾರು ೭ ಅಂಗುಲದ ಚೌಕ. ಬರೆಯುವವನು ಬೆಳಕಿನ ಲೇಖನಿಯನ್ನು ಪರದೆಗೆ ಹಿಡಿದು ಗೆರೆಯ ಸ್ಥಾನವನ್ನು ತೋರಿಸುತ್ತಿದ್ದನು; ಏನು ಮಾಡಬೇಕೆಂಬುದನ್ನು ಬೇರೊಂದು ಪೆಟ್ಟಿಗೆಯ ಮೇಲಿದ್ದ ಗುಂಡಿಗಳನ್ನು ಒತ್ತಿ ತಿಳಿಸುತ್ತಿದ್ದನು. ನಕ್ಷೆಯನ್ನು ಹಿಗ್ಗಿಸಲು, ಸರಿಸಲು ಪರದೆಯ ಬಳಿ ತಿರುಗುಬಿರಡೆಗಳಿದ್ದವು.

ಇಲ್ಲಿ ಗಮನಾರ್ಹವಾದ ಅಂಶವೊಂದುಂಟು. ಪರದೆಯು ಸಂಪೂರ್ಣವಾಗಿ ನಕ್ಷೆಗೆ ಮೀಸಲು. ಉಪಕರಣಗಳೆಲ್ಲವೂ ಪರದೆಯ ಹೊರಗೆ. ಹಳೆಯ ಡ್ರಾಯಿಂಗ್ ಬೋರ್ಡಿನ ಮೇಲೆ ಕಾಗದವಿದ್ದು, ಟೀ-ಸ್ಕ್ವೇರು, ಸೆಟ್ ಸ್ಕ್ವೇರು, ಕೈವಾರಗಳು ಪಕ್ಕದ ಮೇಜಿನ ಮೇಲಿರುತ್ತಿದ್ದ ಕ್ರಮವೇ ಇಲ್ಲಿಯೂ ಮುಂದುವರಿದಿದೆ. ಆದರೆ ಟೀ-ಸ್ಕ್ವೇರಿಗೂ ಈ ಗುಂಡಿಗೂ ದೊಡ್ಡ ಅಂತರವಿದೆ. ಟೀ-ಸ್ಕ್ವೇರಿನ ಕೆಲಸವು ಅದರ ಆಕಾರದಲ್ಲಿಯೇ ಇದೆ. ಗುಂಡಿಯ ಕೆಲಸವಾದರೋ ಗುಂಡಿಯಲ್ಲಿಲ್ಲ, ಪ್ರೋಗ್ರಾಮಿನಲ್ಲಿದೆ. ಪ್ರೋಗ್ರಾಮನ್ನು ಬದಲಾಯಿಸಿದರೆ ಅದೇ ಗುಂಡಿಯು ಬೇರೆ ಉಪಕರಣವಾಗುತ್ತದೆ. ಮುಂದಿನ ಅರುವತ್ತು ವರ್ಷಗಳ ಬೆಳವಣಿಗೆಗೆಲ್ಲ ಈ ಒಂದು ಗುಣವೇ ಬೀಜವೆಂದು ಹೇಳಬಹುದು.

ಈ ಗುಣದ ಪ್ರಯೋಜನವನ್ನು ಐಬಿಎಂ ಸಂಸ್ಥೆಯು ೧೯೬೪ರಲ್ಲಿ ಪ್ರಕಟಿಸಿದ ೨೨೫೦ ಎಂಬ ಪ್ರದರ್ಶನ ಯಂತ್ರದಲ್ಲಿ ಸ್ಪಷ್ಟವಾಗಿ ಕಾಣಬಹುದು. ಇದರೊಡನೆ ೩೨ ಕೀಲಿಗಳ ಒಂದು ಪ್ರತ್ಯೇಕ ಕೀಲಿಮಣೆಯನ್ನು ಜೋಡಿಸಬಹುದಾಗಿತ್ತು. ಆ ಕೀಲಿಗಳ ಮೇಲೆ ಯಾವ ಅಕ್ಷರವೂ ಇರಲಿಲ್ಲ. ಅವುಗಳ ಮೇಲೆ ಒಂದು ಪ್ಲಾಸ್ಟಿಕ್ ಹೊದಿಕೆಯನ್ನು ಹಾಸುತ್ತಿದ್ದರು. ಕೀಲಿಗಳ ಅರ್ಥವು ಆ ಹೊದಿಕೆಯ ಮೇಲೆ ಬರೆದಿರುತ್ತಿತ್ತು. ಬೇರೆ ಕೆಲಸಕ್ಕೆ ಬೇರೆ ಹೊದಿಕೆ. ಹೊದಿಕೆಯಲ್ಲಿ ಅದರದೇ ಆದ ಗುರುತಿನ ಸಂಕೇತವಿದ್ದು, ಈಗ ಹಾಸಿರುವುದು ಯಾವುದೆಂಬುದನ್ನು ಯಂತ್ರವು ತಾನೇ ತಿಳಿದುಕೊಳ್ಳುತ್ತಿತ್ತು. ತೆಗೆದು ಹಾಕಬಹುದಾದ, ತನ್ನ ಗುರುತನ್ನು ತಾನೇ ಹೇಳಿಕೊಳ್ಳುವ ಫಲಕದ ಕಲ್ಪನೆಯು ಹೀಗೆ ೧೯೬೦ರ ದಶಕದಲ್ಲಿಯೇ ರೂಪುಗೊಂಡಿತ್ತು. ಆದರೆ ಇಂತಹ ಯಂತ್ರಗಳನ್ನು ಇಟ್ಟುಕೊಳ್ಳುವ ಶಕ್ತಿ ದೊಡ್ಡ ಕಾರ್ಖಾನೆಗಳಿಗೂ ಸಂಶೋಧನಾಲಯಗಳಿಗೂ ಮಾತ್ರ ಇದ್ದಿತು. ಹೊದಿಕೆಯ ಹಿಂದಿನ ಪ್ರೋಗ್ರಾಂ ಬರೆಯುವವನು ಬೇರೆ, ಹೊದಿಕೆಯ ಕೀಲಿಯನ್ನು ಒತ್ತುವ ನಕ್ಷೆಗಾರನು ಬೇರೆ.

೩

ಈ ಅಂತರವು ಕಿರಿದಾಗತೊಡಗಿದುದು ಸಣ್ಣ ಗಣಕಗಳ ಕಾಲದಲ್ಲಿ. ೧೯೮೨ರಲ್ಲಿ ಜಾನ್ ವಾಕರ್ ಮತ್ತು ಅವರ ಸಂಗಡಿಗರು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಆಟೋಡೆಸ್ಕ್ ಸಂಸ್ಥೆಯನ್ನು ಸ್ಥಾಪಿಸಿದರು. ಮೈಕೆಲ್ ರಿಡಲ್ ಅವರು ಅದಕ್ಕೆ ಮುಂಚೆಯೇ ರಚಿಸಿದ್ದ 'ಇಂಟರಾಕ್ಟ್' ಎಂಬ ಪ್ರೋಗ್ರಾಮಿನ ಆಧಾರದ ಮೇಲೆ ಆಟೋಕ್ಯಾಡ್ ಸಿದ್ಧವಾಯಿತು. ಅದೇ ವರ್ಷದ ನವೆಂಬರಿನಲ್ಲಿ ಲಾಸ್ ವೇಗಸ್ ನಗರದ ಕಾಮ್‌ಡೆಕ್ಸ್ ಪ್ರದರ್ಶನದಲ್ಲಿ ಅದನ್ನು ಜನರ ಮುಂದಿಟ್ಟರು. ಮೇಜಿನ ಮೇಲಿಡುವ ಗಣಕದಲ್ಲಿ ನಡೆಯುವ ಈ ತಂತ್ರಾಂಶವು ಸಣ್ಣ ಕಚೇರಿಗಳಿಗೂ ಎಟಕುವಂತಹುದಾಗಿದ್ದಿತು.

ಆರಂಭದ ಆವೃತ್ತಿಗಳಲ್ಲಿ ಆಜ್ಞೆಗಳನ್ನು ಪರದೆಯ ಕೆಳಭಾಗದ ಸಾಲಿನಲ್ಲಿ ಅಕ್ಷರಶಃ ಬೆರಳಚ್ಚು ಮಾಡಬೇಕಾಗಿತ್ತು. ಬಲ ಅಂಚಿನಲ್ಲಿ ಆಜ್ಞೆಗಳ ಪಟ್ಟಿಯೊಂದು, ಅಂದರೆ ಮೆನು, ಇರುತ್ತಿತ್ತು. ಈ ಮೆನುವಿನ ವಿಷಯವನ್ನು ಸಂಸ್ಥೆಯು ತಂತ್ರಾಂಶದ ಒಡಲಲ್ಲಿ ಬಚ್ಚಿಡದೆ, ಯಾರು ಬೇಕಾದರೂ ತೆರೆದು ಓದಬಹುದಾದ ಒಂದು ಸಾದಾ ಪಠ್ಯ ಕಡತದಲ್ಲಿ ಇರಿಸಿದ್ದಿತು. ಅದರ ವ್ಯಾಕರಣವೂ ಅತಿ ಸರಳ. ನಕ್ಷೆಗಾರನು ಕೀಲಿಮಣೆಯ ಮೇಲೆ ಏನನ್ನು ಒತ್ತುತ್ತಿದ್ದನೋ ಅದನ್ನೇ ಸಾಲಾಗಿ ಬರೆದಿಡುವುದು. ಅರ್ಧವಿರಾಮ ಚಿಹ್ನೆ ಬಂದಲ್ಲಿ 'ಎಂಟರ್' ಕೀಲಿ ಒತ್ತಿದಂತೆ. ಹಿಮ್ಮುಖ ಓರೆಗೆರೆ ಬಂದಲ್ಲಿ ಯಂತ್ರವು ನಿಂತು, ಬಳಸುವವನು ಬಿಂದುವನ್ನು ತೋರಿಸುವವರೆಗೆ ಕಾಯುತ್ತದೆ. ಪ್ರೋಗ್ರಾಂ ಬರೆಯುವುದನ್ನು ಎಂದೂ ಕಲಿಯದ ಡ್ರಾಫ್ಟ್ಸ್‌ಮನ್ ಕೂಡ ಒಂದು ಮಧ್ಯಾಹ್ನದಲ್ಲಿ ಇದನ್ನು ಕಲಿಯಬಹುದಾಗಿತ್ತು.

ಇದಕ್ಕೂ ಹೆಚ್ಚಿನ ಮಹತ್ತ್ವವುಳ್ಳದ್ದು ಟ್ಯಾಬ್ಲೆಟ್ ಎಂಬ ಸಾಧನ. ಇದು ಮೇಜಿನ ಮೇಲಿಡುವ ಚಪ್ಪಟೆಯಾದ ಹಲಗೆ. ಅದರ ಮೇಲೆ ಸೂಚಕವನ್ನು ಎಲ್ಲಿಡುತ್ತಾರೆಂಬುದನ್ನು ಗಣಕವು ಅರಿಯುತ್ತದೆ. ಹಲಗೆಯ ಮೇಲೆ ಚೌಕುಳಿಗಳನ್ನು ಮುದ್ರಿಸಿದ ಹಾಳೆಯನ್ನು ಅಂಟಿಸುತ್ತಿದ್ದರು. ಹಾಳೆಯ ನಡುವಿನ ಭಾಗವು ಪರದೆಯ ಪ್ರತಿರೂಪ. ಸುತ್ತಲೂ ಗರಿಷ್ಠ ೪ ಮೆನು ಪ್ರದೇಶಗಳು. ಸಂಸ್ಥೆಯು ಕೊಡುತ್ತಿದ್ದ ಪ್ರಮಾಣಿತ ಹಾಳೆಯಲ್ಲಿ ಮೇಲ್ಭಾಗದ ಪ್ರದೇಶವು ೨೫ ಕಂಬಸಾಲುಗಳೂ ೯ ಅಡ್ಡಸಾಲುಗಳೂ ಸೇರಿ ೨೨೫ ಮನೆಗಳುಳ್ಳದ್ದಾಗಿದ್ದು, ಅದನ್ನು ಬಳಕೆದಾರನಿಗಾಗಿ ಬರಿದಾಗಿಯೇ ಬಿಡಲಾಗಿತ್ತು.

ಈ ಬರಿಯ ೨೨೫ ಮನೆಗಳನ್ನು ನಾವು ಒಂದು ಐತಿಹಾಸಿಕ ದಾಖಲೆಯೆಂದೇ ಪರಿಗಣಿಸುತ್ತೇವೆ. 'ನಿನ್ನ ಕಸುಬು ನಮಗೆ ತಿಳಿಯದು. ಇಲ್ಲಿ ನೀನೇ ತುಂಬಿಕೊ' ಎಂದು ತಯಾರಕನು ಬಳಕೆದಾರನಿಗೆ ಹೇಳಿದ ಮಾತು ಅದರಲ್ಲಿದೆ. ನೀರು ಸರಬರಾಜಿನ ಎಂಜಿನಿಯರನಿಗೆ ವಾಲ್ವುಗಳ ಚಿಹ್ನೆಗಳು ಬೇಕು. ಕಟ್ಟಡದ ವಿನ್ಯಾಸಕನಿಗೆ ಬಾಗಿಲು ಕಿಟಕಿಗಳು. ವಿದ್ಯುತ್ ಕೆಲಸದವನಿಗೆ ಸ್ವಿಚ್ಚು ದೀಪಗಳು. ಇವನ್ನು ಕಾಗದದ ಮೇಲೆ ಬರೆದು ಅಂಟಿಸಿ, ಆಯಾ ಮನೆಗೆ ಸರಿಹೊಂದುವ ಆಜ್ಞೆಯನ್ನು ಮೆನು ಕಡತದಲ್ಲಿ ಸೇರಿಸಿದರೆ ಸಾಕು, ಆ ಕಚೇರಿಯದೇ ಆದ ಫಲಕವು ಸಿದ್ಧವಾಗುತ್ತಿತ್ತು.

೪

ಮೆನು ಕಡತಕ್ಕೆ ಒಂದು ಮಿತಿಯಿದ್ದಿತು. ಅದು ಹೇಳಿಕೊಟ್ಟುದನ್ನು ಒಪ್ಪಿಸಬಲ್ಲದು, ಲೆಕ್ಕ ಮಾಡಲಾರದು. ಈ ಕೊರತೆಯನ್ನು ನೀಗಿದುದು ೧೯೮೬ರಲ್ಲಿ ೨.೧೮ ಆವೃತ್ತಿಯೊಡನೆ ಬಂದ ಆಟೋಲಿಸ್ಪ್. ಡೇವಿಡ್ ಬೆಟ್ಜ್ ಅವರ ಎಕ್ಸ್‌ಲಿಸ್ಪ್ ಎಂಬ ಭಾಷೆಯಿಂದ ಇದನ್ನು ರೂಪಿಸಿಕೊಂಡರು. ಆದರ ಮೂಲವಾದ ಲಿಸ್ಪ್ ಭಾಷೆಯನ್ನು ಜಾನ್ ಮೆಕಾರ್ಥಿ ಅವರು ೧೯೫೮ರ ಸುಮಾರಿಗೆ ಗಣಿತ ತರ್ಕದ ಹಿನ್ನೆಲೆಯಲ್ಲಿ ಕಲ್ಪಿಸಿದ್ದರು. ಕೃತಕ ಬುದ್ಧಿಯ ಸಂಶೋಧನೆಗೆ ಹುಟ್ಟಿದ ಭಾಷೆಯು ಕಟ್ಟಡದ ನಕ್ಷೆಗಾರನ ಮೇಜಿಗೆ ಬಂದುದು ಭಾಷೆಗಳ ಇತಿಹಾಸದಲ್ಲಿ ವಿಚಿತ್ರವಾದ ಒಂದು ಪ್ರಸಂಗವೇ ಸರಿ.

ಒಂದು ಉದಾಹರಣೆಯಿಂದ ಇದರ ಪರಿಣಾಮವನ್ನು ತಿಳಿಯಬಹುದು. ಎರಡು ಅಂತಸ್ತುಗಳ ನಡುವಣ ಎತ್ತರ ೩೦೦೦ ಮಿಲಿಮೀಟರ್. ಮೆಟ್ಟಿಲಿನ ಎತ್ತರ ೧೫೦ ಮಿಲಿಮೀಟರ್ ಇರಬೇಕೆಂದಾದರೆ ೨೦ ಮೆಟ್ಟಿಲುಗಳು ಬೇಕಾಗುತ್ತವೆ. ನಕ್ಷೆಗಾರನು ಇದನ್ನು ಹಿಂದೆ ಮನಸ್ಸಿನಲ್ಲಿ ಲೆಕ್ಕಮಾಡಿ ಒಂದೊಂದು ಗೆರೆಯನ್ನೂ ಎಳೆಯುತ್ತಿದ್ದನು. ಈಗ ಎತ್ತರವನ್ನು ಕೇಳಿಕೊಂಡು, ಭಾಗಿಸಿ, ಮೆಟ್ಟಿಲುಗಳನ್ನೆಲ್ಲ ಬರೆಯುವ ಹತ್ತಿಪ್ಪತ್ತು ಸಾಲಿನ ಪ್ರೋಗ್ರಾಮನ್ನು ಅವನೇ ರಚಿಸಬಹುದಾಯಿತು. ಕಸುಬಿನ ಸೂತ್ರವು ತಲೆಯಿಂದ ಕಡತಕ್ಕೆ ಇಳಿಯಿತು. ಕಡತಕ್ಕೆ ಇಳಿದುದು ಕೈಯಿಂದ ಕೈಗೆ ಸಾಗಬಲ್ಲದು. ಒಬ್ಬನ ನಿವೃತ್ತಿಯೊಡನೆ ನಶಿಸುವುದಿಲ್ಲ.

ಈ ಮಧ್ಯೆ ಪರದೆಯ ರೂಪವೂ ಬದಲಾಯಿತು. ೧೯೮೭ರ ೯ನೆಯ ಆವೃತ್ತಿಯಲ್ಲಿ ಮೇಲಿನಿಂದ ಇಳಿಯುವ ಮೆನುಗಳು ಬಂದವು. ೧೯೯೨ರ ೧೨ನೆಯ ಆವೃತ್ತಿಯಲ್ಲಿ ಬಳಕೆದಾರನೇ ಸಂವಾದಪೆಟ್ಟಿಗೆಗಳನ್ನು ರಚಿಸುವ ಅವಕಾಶ ದೊರೆಯಿತು. ಆದರೆ ಸಂವಾದಪೆಟ್ಟಿಗೆಯು ಪರದೆಯ ಮೇಲೆ ನಿಂತಿರುವವರೆಗೆ ನಕ್ಷೆಯ ಕೆಲಸ ಸಾಗದು. ಅದು ಬಾಗಿಲಲ್ಲಿ ನಿಂತು ಉತ್ತರ ಪಡೆದೇ ಹೋಗುವ ಅತಿಥಿಯಂತೆ; ಮನೆಯವರೊಡನೆ ಇದ್ದು ಕೆಲಸದಲ್ಲಿ ಕೈಜೋಡಿಸುವಂತಹುದಲ್ಲ.

ಇಲ್ಲಿಯೇ ಇನ್ನೊಂದು ಸಂಗತಿಯನ್ನು ಹೇಳಬೇಕು. ೧೯೯೩ರಲ್ಲಿ ಸಂಸ್ಥೆಯು ಕಡಿಮೆ ಬೆಲೆಯ 'ಎಲ್‌ಟಿ' ಎಂಬ ಕಿರಿಯ ಆವೃತ್ತಿಯನ್ನು ಹೊರತಂದಿತು. ಗೆರೆ, ವೃತ್ತ, ಅಳತೆ ಎಲ್ಲವೂ ಅದರಲ್ಲಿದ್ದವು. ಆಟೋಲಿಸ್ಪ್ ಮಾತ್ರ ಇರಲಿಲ್ಲ. ೨೦೨೩ರಲ್ಲಿ ಬಂದ ಎಲ್‌ಟಿ ೨೦೨೪ ಆವೃತ್ತಿಯಲ್ಲಿ ಅದನ್ನು ಸೇರಿಸುವವರೆಗೆ, ಅಂದರೆ ೩೦ ವರ್ಷಗಳ ಕಾಲ, ಈ ಸ್ಥಿತಿಯು ಮುಂದುವರಿಯಿತು. ನಕ್ಷೆ ಬರೆಯುವ ಶಕ್ತಿಗೊಂದು ಬೆಲೆ, ಉಪಕರಣವನ್ನು ತಾನೇ ಮಾಡಿಕೊಳ್ಳುವ ಶಕ್ತಿಗೆ ಅದಕ್ಕಿಂತ ಹೆಚ್ಚಿನ ಬೆಲೆ ಎಂಬುದು ಇದರಿಂದ ವಿದಿತವಾಗುತ್ತದೆ. ಅಂಚಿನ ಬರಿಯ ಜಾಗವು ಉಚಿತವಾದ ಔದಾರ್ಯವಾಗಿರದೆ, ಮಾರಾಟದ ವಸ್ತುವೂ ಆಗಿದ್ದಿತು.

೫

ಈಗ ಅಂಚಿಗೆ ಕೂಡಿಕೊಳ್ಳುವ ಫಲಕದ ವಿಚಾರಕ್ಕೆ ಬರೋಣ. ೧೯೯೯ರಲ್ಲಿ ಬಂದ ಆಟೋಕ್ಯಾಡ್ ೨೦೦೦ ಆವೃತ್ತಿಯಲ್ಲಿ ಎರಡು ಮುಖ್ಯ ಬದಲಾವಣೆಗಳಾದವು. ಒಂದೇ ಕಾಲದಲ್ಲಿ ಹಲವು ನಕ್ಷೆಗಳನ್ನು ತೆರೆದಿಟ್ಟುಕೊಳ್ಳುವುದು ಸಾಧ್ಯವಾಯಿತು. ವಸ್ತುಗಳ ಗುಣಗಳನ್ನು ತೋರಿಸುವ ಫಲಕವು ನಕ್ಷೆಯ ಪಕ್ಕದಲ್ಲಿ ಸದಾ ತೆರೆದೇ ಇರುವಂತಾಯಿತು. ೨೦೦೩ರಲ್ಲಿ ಬಂದ ೨೦೦೪ ಆವೃತ್ತಿಯಲ್ಲಿ 'ಟೂಲ್ ಪ್ಯಾಲೆಟ್' ಎಂಬುದು ಸೇರಿತು. ಚಿತ್ರಕಾರನು ಬಣ್ಣ ಕಲಸುವ ಹಲಗೆಗೆ ಪ್ಯಾಲೆಟ್ ಎಂಬ ಹೆಸರು. ಕೆಲಸ ನಡೆಯುತ್ತಿರುವಾಗ ಅದು ಕೈಯಲ್ಲಿಯೇ ಇರುತ್ತದೆ. ಚಿಹ್ನೆಗಳನ್ನು ಎಳೆದು ಈ ಫಲಕದ ಮೇಲಿಟ್ಟರೆ ಅಲ್ಲಿಯೇ ನಿಲ್ಲುತ್ತಿದ್ದವು. ಪ್ರೋಗ್ರಾಮಿನ ಅಗತ್ಯವೇ ಇರಲಿಲ್ಲ. ಹಳೆಯ ೨೨೫ ಮನೆಗಳು ಹಲಗೆಯಿಂದೆದ್ದು ಪರದೆಗೆ ಬಂದವೆಂದೇ ಹೇಳಬಹುದು.

ಲೆಕ್ಕ ಮಾಡುವ, ಪ್ರಶ್ನೆ ಕೇಳುವ, ನಕ್ಷೆಯೊಡನೆ ವ್ಯವಹರಿಸುವ ಫಲಕವನ್ನು ನಿರ್ಮಿಸಬೇಕಾದರೆ ಮಾತ್ರ ಪ್ರೋಗ್ರಾಂ ಬರೆಯಲೇಬೇಕು. ಮೊದಲು ಸಿ++ ಭಾಷೆಯಲ್ಲಿ, ಆಬ್ಜೆಕ್ಟ್‌ಎಆರ್‌ಎಕ್ಸ್ ಎಂಬ ಸಾಮಗ್ರಿಯ ಮೂಲಕ ಇದು ಸಾಧ್ಯವಾಗಿತ್ತು. ೨೦೦೦ರ ದಶಕದ ನಡುವಿನಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯ ಡಾಟ್‌ನೆಟ್ ವ್ಯವಸ್ಥೆಗೆ ದಾರಿ ತೆರೆದ ಮೇಲೆ ಕೆಲಸವು ಬಹಳ ಸುಲಭವಾಯಿತು. ಬರೆಯುವವನು ಮೊದಲು ಗುಂಡಿ, ಪಟ್ಟಿ, ಅಂಕಣಗಳುಳ್ಳ ಒಂದು ನಮೂನೆಯನ್ನು ಸಿದ್ಧಪಡಿಸುತ್ತಾನೆ. ಅನಂತರ 'ಪ್ಯಾಲೆಟ್‌ಸೆಟ್' ಎಂಬ ಚೌಕಟ್ಟನ್ನು ರಚಿಸಿ ನಮೂನೆಯನ್ನು ಅದರೊಳಗೆ ಕೂರಿಸುತ್ತಾನೆ. ಯಾವ ಯಾವ ಅಂಚಿಗೆ ಅದು ಕೂಡಿಕೊಳ್ಳಬಹುದೆಂಬುದನ್ನು ತಿಳಿಸಿದರೆ, ಎಳೆಯುವುದು, ಕೂಡುವುದು, ಮಡಿಚುವುದು ಇವೆಲ್ಲವನ್ನೂ ಚೌಕಟ್ಟೇ ನೋಡಿಕೊಳ್ಳುತ್ತದೆ.

ಈ ನಿರ್ಮಾಣದಲ್ಲಿ ಮೂರು ಅಂಶಗಳು ಇತಿಹಾಸಕಾರನ ಗಮನವನ್ನು ಸೆಳೆಯುತ್ತವೆ.

ಮೊದಲನೆಯದು ಗುರುತು. ಫಲಕವನ್ನು ರಚಿಸುವಾಗ ಅದಕ್ಕೆ ೧೨೮ ಬಿಟ್‌ಗಳ ಒಂದು ಅನನ್ಯ ಸಂಖ್ಯೆಯನ್ನು ಕೊಡುತ್ತಾರೆ. ನಿನ್ನೆ ಈ ಫಲಕವನ್ನು ಎಲ್ಲಿ, ಎಷ್ಟು ಅಗಲವಾಗಿ ಇಡಲಾಗಿತ್ತೆಂಬುದನ್ನು ತಂತ್ರಾಂಶವು ಈ ಸಂಖ್ಯೆಯ ಮೂಲಕ ನೆನಪಿಟ್ಟುಕೊಂಡು, ಇಂದು ಅಲ್ಲಿಯೇ ತೆರೆಯುತ್ತದೆ. ೧೯೬೪ರ ಪ್ಲಾಸ್ಟಿಕ್ ಹೊದಿಕೆಯ ಗುರುತಿನ ಸಂಕೇತವು ಇಲ್ಲಿ ಇನ್ನೊಂದು ರೂಪದಲ್ಲಿ ಕಾಣಿಸಿಕೊಂಡಿದೆ.

ಎರಡನೆಯದು ಬೀಗ. ಫಲಕವು ಯಾವುದೇ ಒಂದು ನಕ್ಷೆಗೆ ಸೇರಿದುದಲ್ಲ. ತೆರೆದಿರುವ ಎಲ್ಲ ನಕ್ಷೆಗಳಿಗೂ ಸಾಮಾನ್ಯವಾದುದು. ಆದಕಾರಣ ಫಲಕದ ಗುಂಡಿಯು ನೇರವಾಗಿ ನಕ್ಷೆಯನ್ನು ತಿದ್ದುವುದಕ್ಕೆ ಮುಂಚೆ ಆ ನಕ್ಷೆಯ ಮೇಲೆ ಬೀಗ ಹಾಕಬೇಕು, ಕೆಲಸ ಮುಗಿದೊಡನೆ ಅದನ್ನು ತೆಗೆಯಬೇಕು. ಹಾಗೆ ಮಾಡದಿದ್ದರೆ ತಂತ್ರಾಂಶವು ತಿದ್ದುಪಡಿಯನ್ನು ನಿರಾಕರಿಸುತ್ತದೆ. ಹೊಸದಾಗಿ ಫಲಕ ಬರೆಯುವವರು ಮೊದಲು ಎಡವುವುದು ಬಹುಶಃ ಇಲ್ಲಿಯೇ. ನಕ್ಷೆಯೊಂದೇ ತೆರೆದಿರುತ್ತಿದ್ದ ಕಾಲದಲ್ಲಿ ಈ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ. ೧೯೯೯ರ ಬದಲಾವಣೆಯು ಬಿಟ್ಟುಹೋದ ಗುರುತು ಇದು.

ಮೂರನೆಯದು ಅತ್ಯಂತ ಸ್ವಾರಸ್ಯವುಳ್ಳದ್ದು. ಬೀಗದ ತೊಡಕನ್ನು ತಪ್ಪಿಸಬಯಸುವವರಿಗೆ ಇನ್ನೊಂದು ಮಾರ್ಗವಿದೆ. ಗುಂಡಿಯು ತಾನೇ ನಕ್ಷೆಯನ್ನು ಮುಟ್ಟದೆ, ಆಜ್ಞೆಯ ಅಕ್ಷರಗಳನ್ನು ಆಜ್ಞಾಸಾಲಿಗೆ ಕಳುಹಿಸಿಬಿಡಬಹುದು. ಕೀಲಿಮಣೆಯಿಂದ ಯಾರೋ ಬೆರಳಚ್ಚು ಮಾಡಿದಂತೆ ಅದು ನಡೆಯುತ್ತದೆ. ಇದು ೧೯೮೦ರ ದಶಕದ ಮೆನು ಕಡತದ ವಿಧಾನವಲ್ಲದೆ ಬೇರೆಯಲ್ಲ. ಹೊರಗೆ ಹೊಸ ಫಲಕ, ಒಳಗೆ ಹಳೆಯ ಆಜ್ಞಾಸಾಲು. ಹೊಸ ದೇವಾಲಯದ ಅಧಿಷ್ಠಾನದಲ್ಲಿ ಹಳೆಯ ದೇವಾಲಯದ ಕಲ್ಲುಗಳನ್ನು ಕಂಡಂತೆ ಇಲ್ಲಿ ಹಿಂದಿನ ಯುಗವು ನಮಗೆ ಕಾಣಸಿಗುತ್ತದೆ.

೬

ಇಷ್ಟನ್ನು ಓದಿದ ವಾಚಕರಿಗೆ ಇದು ಬಳಕೆದಾರನ ಸ್ವಾತಂತ್ರ್ಯವು ನಿರಂತರವಾಗಿ ಬೆಳೆದುಬಂದ ಕಥೆಯೆಂದು ತೋರಬಹುದು. ಆದರೆ ಪೂರ್ವಪಕ್ಷವೂ ಉಂಟು. ವಿಷುಯಲ್ ಬೇಸಿಕ್ ಭಾಷೆಯ ಒಂದು ರೂಪವಾದ ವಿಬಿಎಯನ್ನು ೧೯೯೦ರ ದಶಕದ ಕೊನೆಯಲ್ಲಿ ಆಟೋಕ್ಯಾಡಿಗೆ ಸೇರಿಸಲಾಯಿತು. ಎಷ್ಟೋ ಕಚೇರಿಗಳು ಅದರಲ್ಲಿ ತಮ್ಮ ಉಪಕರಣಗಳನ್ನು ಬರೆದುಕೊಂಡವು. ೨೦೧೦ ಆವೃತ್ತಿಯಿಂದ ಅದನ್ನು ಮೂಲ ತಂತ್ರಾಂಶದೊಡನೆ ಕೊಡುವುದು ನಿಂತು, ಬೇಕಾದವರು ಪ್ರತ್ಯೇಕವಾಗಿ ತಂದು ಹಾಕಿಕೊಳ್ಳಬೇಕಾಯಿತು. ಹಳೆಯ ಮೆನು ಕಡತದ ಸ್ಥಾನವನ್ನು ೨೦೦೬ ಆವೃತ್ತಿಯಲ್ಲಿ ಬೇರೊಂದು ಕಡತವು ಆಕ್ರಮಿಸಿತು. ೨೦೨೪ರಲ್ಲಿ ಬಂದ ೨೦೨೫ ಆವೃತ್ತಿಯು ಡಾಟ್‌ನೆಟ್ ೮ ಎಂಬ ಹೊಸ ಅಡಿಪಾಯಕ್ಕೆ ಬದಲಾದುದರಿಂದ, ಹಿಂದಿನ ಅಡಿಪಾಯದ ಮೇಲೆ ಕಟ್ಟಿದ ಫಲಕಗಳನ್ನು ಅದಕ್ಕೆ ಹೊಂದಿಸುವ ಕೆಲಸವು ಅವನ್ನು ಬರೆದವರ ಮೇಲೆ ಬಿದ್ದಿತು.

ಇದಕ್ಕೆಲ್ಲ ತಯಾರಕನೊಬ್ಬನನ್ನೇ ಹೊಣೆ ಮಾಡುವುದು ನ್ಯಾಯವಲ್ಲ. ವಿಬಿಎ, ಡಾಟ್‌ನೆಟ್ ಎರಡೂ ಮೈಕ್ರೋಸಾಫ್ಟ್ ಸಂಸ್ಥೆಯವು; ಆಟೋಡೆಸ್ಕ್ ಕೂಡ ಇನ್ನೊಬ್ಬರ ನೆಲದ ಮೇಲೆ ಮನೆ ಕಟ್ಟಿಕೊಂಡ ಒಕ್ಕಲೇ ಆಗಿದೆ. ಇದಕ್ಕೆ ಪ್ರತಿಯಾಗಿ, ಸಂಸ್ಥೆಯು ತನ್ನದಾಗಿ ಮಾಡಿಕೊಂಡ ಆಟೋಲಿಸ್ಪ್ ಸುಮಾರು ನಾಲ್ಕು ದಶಕಗಳಿಂದ ಉಳಿದುಬಂದಿದೆ. ಅಂದು ಬರೆದ ಸರಳವಾದ ಪ್ರೋಗ್ರಾಮುಗಳು ಬಹುಮಟ್ಟಿಗೆ ಇಂದಿಗೂ ನಡೆಯುತ್ತವೆ. ಹಳೆಯದೆಂದು ಕೆಲವರು ಹಗುರವಾಗಿ ಕಾಣುವ ಭಾಷೆಯೇ ದೀರ್ಘಾಯುವಾದುದು ಆಕಸ್ಮಿಕವೆಂದು ನಮಗೆ ತೋರುವುದಿಲ್ಲ.

ನಮಗೆ ಇದಕ್ಕಿಂತ ಹೆಚ್ಚು ಚಿಂತೆಯನ್ನುಂಟುಮಾಡುವುದು ಆಕರಗಳ ಪ್ರಶ್ನೆ. ಮೆನು ಕಡತವೂ ಲಿಸ್ಪ್ ಕಡತವೂ ಸಾದಾ ಪಠ್ಯಗಳು. ಅವುಗಳನ್ನು ನಡೆಸುವ ಯಂತ್ರವು ಇಲ್ಲವಾದರೂ, ಓದಿ ಆ ಕಚೇರಿಯ ಕಸುಬಿನ ಪದ್ಧತಿಯನ್ನು ತಿಳಿಯಬಹುದು. ಇಂದಿನ ಫಲಕವಾದರೋ ಸಾದಾ ಪಠ್ಯವಾಗಿರದೆ, ಗಣಕಕ್ಕಾಗಿ ಪರಿವರ್ತಿತವಾದ ಕಡತ. ಮೂಲ ಬರಹವು ಕಳೆದುಹೋದರೆ ಅದನ್ನು ಸಾದಾ ಪಠ್ಯದಂತೆ ನೇರವಾಗಿ ಓದಲಾಗದು. ಹೀಗಾಗಿ ಫಲಕವು ಹೆಚ್ಚು ಅಂದವಾದಂತೆಲ್ಲ, ಇತಿಹಾಸಕಾರನಿಗೆ ಹೆಚ್ಚು ಮೂಕವಾಗುತ್ತಿದೆ.

ನಮ್ಮ ನಾಡಿನ ಇತಿಹಾಸವನ್ನು ಬರೆದವರಿಗೆ ಈ ಪರಿಸ್ಥಿತಿ ಅಪರಿಚಿತವಲ್ಲ. ಶಾಸನವು ಅರಸನ ಮಾತನ್ನು ಹೇಳುತ್ತದೆ. ಅದು ಕಲ್ಲಿನ ಮೇಲಿರುವುದರಿಂದ ಉಳಿಯುತ್ತದೆ. ಊರಿನ ನಿತ್ಯದ ವ್ಯವಹಾರವನ್ನು ಹೇಳುವುದು ಶಾನುಭೋಗರ ಕಡತ. ಅದು ಅಟ್ಟದ ಮೇಲೆ ಹುಳುಹಿಡಿದು ಹೋಗುತ್ತದೆ. ಸಂಸ್ಥೆಗಳ ಆವೃತ್ತಿಗಳ ಪಟ್ಟಿಯು ಶಾಸನದಂತೆ ಸುರಕ್ಷಿತವಾಗಿದೆ. ಹೆಸರಿಲ್ಲದ ನಕ್ಷೆಗಾರರು ಬರೆದುಕೊಂಡ ಮೆನುಗಳು, ಅಂಟಿಸಿದ ಹಾಳೆಗಳು, ಹತ್ತಿಪ್ಪತ್ತು ಸಾಲಿನ ಪ್ರೋಗ್ರಾಮುಗಳು, ಫಲಕಗಳ ಮೂಲ ಬರಹಗಳು ಇವೇ ಈ ಕಾಲದ ಕಡತಗಳು.

ಕರ್ನಾಟಕದ ಎಂಜಿನಿಯರಿಂಗ್ ಕಾಲೇಜುಗಳಲ್ಲಿಯೂ ಪಾಲಿಟೆಕ್ನಿಕ್‌ಗಳಲ್ಲಿಯೂ ಗಣಕದ ನೆರವಿನ ನಕ್ಷಾರಚನೆಯು ಪಾಠಕ್ರಮದ ಅಂಗವಾಗಿದೆ. ಇವುಗಳಿಂದ ಹೊರಬಂದವರು ಸರಕಾರಿ ಹಾಗೂ ಖಾಸಗಿ ಕಚೇರಿಗಳಲ್ಲಿ ಈ ವಿದ್ಯೆಯನ್ನು ಬಳಸುತ್ತಿದ್ದಾರೆ. ಇತಿಹಾಸ ವಿಭಾಗಗಳ ವಿದ್ಯಾರ್ಥಿಗಳು ತಮ್ಮ ಊರಿನ ಇಂತಹ ಕಚೇರಿಗಳಿಗೆ ಹೋಗಿ, ನಿವೃತ್ತಿಯ ಅಂಚಿನಲ್ಲಿರುವ ಡ್ರಾಫ್ಟ್ಸ್‌ಮನ್‌ಗಳನ್ನು ಕಂಡು, ಈ ಬಗೆಯ ಕಡತಗಳ ಪ್ರತಿಗಳನ್ನು ಪಡೆದು, ಯಾರು ಯಾವಾಗ ಯಾವ ಕೆಲಸಕ್ಕಾಗಿ ಬರೆದರೆಂಬುದನ್ನು ಬರೆದಿಟ್ಟುಕೊಂಡರೆ ಅದು ಉಪಯುಕ್ತವಾದ ಸಂಗ್ರಹವಾಗುತ್ತದೆ. ಹಳೆಯ ಗಣಕವನ್ನು ಗುಜರಿಗೆ ಹಾಕುವ ದಿನವೇ ಈ ಆಕರವೂ ನಾಶವಾಗುವುದರಿಂದ, ಕೆಲಸವನ್ನು ಬೇಗನೆ ಕೈಕೊಳ್ಳುವುದು ಅವಶ್ಯಕವೆಂದು ನಮ್ಮ ಅಭಿಪ್ರಾಯ.